ಧಾರವಾಡದ ಬಿ.ಟಿ. ಬೀಜದ ಕತೆ

ನಿನ್ನೆ ಬೀಜಕ್ಕೆ ಅಂತ ಆರಿಸಿದ ಎಸ್.795 ಕಾಫಿಗೆ ಬೂದಿ ಹಚ್ಚಿ ನೆರಳಲ್ಲಿ ಹರಡ್ತಾ ಇದ್ದೆ. ಪಕ್ಕದ ತೋಟದವರು ಬಂದು, "ಇದು 795ಏ ಅಂತ ಏನ್ ಗ್ಯಾರಂಟಿ ಮಾರಾಯ್ರೇ?" ಅಂದ್ರು. ತಮಾಷೆಗೆ ಕೇಳಿದ್ದು. ನನಗೆ ಮಾತ್ರ ಧಾರವಾಡದ ಹತ್ತಿ ನೆನಪಾಯ್ತು.

ನಮ್ಮ ಕಡೆ ಹತ್ತಿ ಬೆಳೆಯೋರಿಲ್ಲ, ಅದಕ್ಕೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ. 2002ರಲ್ಲಿ ಬಿ.ಟಿ. ಹತ್ತಿ ದೇಶಕ್ಕೆ ಬಂದದ್ದು ಮಾನ್ಸಾಂಟೊ ಜೀನ್ ಇದ್ದ ಹೈಬ್ರಿಡ್ ಆಗಿ. ವರ್ಷ ವರ್ಷ ಹೊಸ ಪೊಟ್ಟಣ ಕೊಳ್ಳಬೇಕು. ಆಗ ಧಾರವಾಡ ಕೃಷಿ ವಿಶ್ವವಿದ್ಯಾಲಯ ಮತ್ತು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಸೇರಿ ಬಿಕಾನೇರಿ ನರ್ಮಾ ಅನ್ನೋ ತಳಿಯಲ್ಲಿ ದೇಶದ್ದೇ ಬಿ.ಟಿ. ಹತ್ತಿ ಮಾಡಿದ್ವಿ ಅಂದ್ರು. ಹೈಬ್ರಿಡ್ ಅಲ್ಲ, ತಳಿ. ಅಂದ್ರೆ ನಾವು 795 ಇಟ್ಕೊಂಡ ಹಾಗೆ ರೈತ ಬೀಜ ಎತ್ತಿಟ್ಕೋಬಹುದು. ಸಣ್ಣ ಮಾತಲ್ಲ ಅದು. 2008ರಲ್ಲಿ ಒಪ್ಪಿಗೆ ಸಿಕ್ತು, 2009ರಲ್ಲಿ ಬೀಜ ಹೊಲಕ್ಕೆ ಹೋಯ್ತು.

ಬೇಗನೇ ಬೀಜ ನಿಂತೇ ಹೋಯ್ತು. ಅದರೊಳಗೆ ಮಾನ್ಸಾಂಟೊದ್ದೇ ಜೀನ್, ಎಂಒಎನ್531, ಸಿಕ್ಕಿತ್ತು. ಬಿತ್ತಿದವರಿಗೆ ಇದನ್ನ ಯಾರೂ ಮನೆಗೆ ಬಂದು ಹೇಳಲಿಲ್ಲ. 2011ರ ಕೊನೆಗೆ ಮಾಹಿತಿ ಹಕ್ಕಿನ ಕಾಗದಗಳಿಂದ ಪತ್ರಿಕೆಗೆ ಬಂತು. ಆಮೇಲೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಜೆ.ಎನ್.ಯು. ಕುಲಪತಿ ಸುಧೀರ್ ಸೋಪೋರಿ ಅವರ ಸಮಿತಿ ಮಾಡ್ತು. 2012ರಲ್ಲಿ ವರದಿ ಬಂತು, ಬೆರಕೆ ಇದ್ದದ್ದು ನಿಜ ಅಂತ.

ನನಗೆ ಸಿಟ್ಟು ಬರೋದು ಬೆರಕೆಗಿಂತ ಆ ಮೂರು ವರ್ಷಕ್ಕೆ. ಸಮಿತಿ ಮಾಡಿದ್ದು ಆ ಸಂಸ್ಥೆಗಳಿಗೆ ದುಡ್ಡು ಕೊಡೋ ಪರಿಷತ್ತೇ, ಅದೂ ಗಲಾಟೆ ಆದ್ಮೇಲೆ. ಡೆನ್ಮಾರ್ಕಿನವರು 1992ರಲ್ಲೇ ಇಂಥ ದೂರಿಗೆ ಅಂತ ರಾಷ್ಟ್ರೀಯ ಸಮಿತಿ ಕೂರಿಸಿಕೊಂಡ್ರು. ನಮ್ಮಲ್ಲಿ ಕಾನೂನಿನ ಬಲ ಇರೋ ಅಂಥ ಕಾಯಂ ಸಮಿತಿ ಇಲ್ಲ. ಯುಜಿಸಿ 2018ರಲ್ಲಿ ಕೃತಿಚೌರ್ಯಕ್ಕೆ ನಿಯಮ ತಂತು: ಥೀಸಿಸ್ಸಲ್ಲಿ ಶೇ. 60ಕ್ಕಿಂತ ಹೆಚ್ಚು ನಕಲು ಇದ್ರೆ ನೋಂದಣಿ ರದ್ದು. ಒಳ್ಳೇದೇ. ಆದ್ರೆ ಅದು ನೋಡೋದು ಬರಹದ ನಕಲನ್ನ, ಬೀಜದೊಳಗೆ ಏನಿದೆ ಅನ್ನೋದನ್ನಲ್ಲ.

ಹಾಗಂತ ಸರ್ಕಾರಿ ಸಂಶೋಧನೆ ಬೇಡ ಅನ್ನೋನಲ್ಲ ನಾನು. 795 ಕೊಟ್ಟದ್ದು ನಮ್ಮ ಬಾಳೆಹೊನ್ನೂರೇ. ನಮ್ಮ ಕಡೆ ಎಷ್ಟೋ ಮನೆ ನಿಂತಿರೋದು ಆ ಗಿಡದ ಮೇಲೆ.

ಪಕ್ಕದವರಿಗೆ ಇಷ್ಟು ಹೇಳೋ ಹೊತ್ತಿಗೆ ಬೂದಿ ಕೈಯೆಲ್ಲ ಒಣಗಿತ್ತು. ಎರಡು ಸೇರು ಬೀಜ ಬೇಕು ಅಂದ್ರು. ಯಾವ ಪಟ್ಟೆಯ ಗಿಡದ್ದು, ಯಾವತ್ತು ಕೊಯ್ದದ್ದು ಅಂತ ಚೀಟಿ ಬರೆದು ಚೀಲದೊಳಗೆ ಹಾಕಿ ಕೊಟ್ಟೆ.