ಬೀದರ್ ಸೀಮೆಯ ಹೊಟ್ಟೆಗೋಡೆಯ ಜನ್ಮದೋಷಗಳು: ಏರಿಕೆಯ ಮಾತಿಗೆ ಮೊದಲು ಎಣಿಕೆ

ಕರುಳು ಹೊರಗಿರುವ ಕೂಸು ಹುಟ್ಟಿದಾಗ ಮೊದಲು ನೋಡಬೇಕಾದದ್ದು ಹೊಕ್ಕುಳಬಳ್ಳಿಯನ್ನು. ಬಳ್ಳಿ ತನ್ನ ಜಾಗದಲ್ಲೇ ಇದ್ದು, ಸಾಮಾನ್ಯವಾಗಿ ಅದರ ಬಲಕ್ಕಿರುವ ಸಣ್ಣ ಸೀಳಿನಿಂದ ಕರುಳು ಯಾವ ಹೊದಿಕೆಯೂ ಇಲ್ಲದೆ ಹೊರಬಂದಿದ್ದರೆ ಅದು ಗ್ಯಾಸ್ಟ್ರೋಸ್ಕೈಸಿಸ್. ಬಳ್ಳಿಯ ಬುಡವೇ ಉಬ್ಬಿ, ತೆಳುಪೊರೆಯ ಚೀಲದೊಳಗೆ ಕರುಳು, ಕೆಲವೊಮ್ಮೆ ಯಕೃತ್ತೂ ಕಾಣುತ್ತಿದ್ದರೆ ಓಂಫಲೋಸೀಲ್. ಎರಡರ ಜಾಡೂ ಬೇರೆ. ಓಂಫಲೋಸೀಲಿನ ಜೊತೆ ವರ್ಣತಂತುವಿನ ದೋಷ, ಹೃದಯದ ದೋಷ ಸೇರಿರುವುದುಂಟು. ತಾಯಿಯ ವಯಸ್ಸು ಏರಿದಷ್ಟೂ ಅದರ ಸಂಭವ ಹೆಚ್ಚು. ಗ್ಯಾಸ್ಟ್ರೋಸ್ಕೈಸಿಸ್ ಎಳೆವಯಸ್ಸಿನ ತಾಯಂದಿರ ಮಕ್ಕಳಲ್ಲಿ ಹೆಚ್ಚು. ಅಂತರರಾಷ್ಟ್ರೀಯ ರೋಗವರ್ಗೀಕರಣದ ಒಂಬತ್ತನೇ ಆವೃತ್ತಿ ಎರಡನ್ನೂ 756.7 ಎಂಬ ಒಂದೇ ಸಂಖ್ಯೆಯಡಿ ಇಟ್ಟಿತ್ತು. ಹತ್ತನೆಯದರಲ್ಲಿ ಓಂಫಲೋಸೀಲ್ ಕ್ಯೂ 79.2, ಗ್ಯಾಸ್ಟ್ರೋಸ್ಕೈಸಿಸ್ ಕ್ಯೂ 79.3. ಇವೆರಡನ್ನೂ ಕೂಡಿಸಿ 'ಹೊಟ್ಟೆಗೋಡೆಯ ದೋಷ ಏರುತ್ತಿದೆ' ಎನ್ನುವುದು ಸಡಿಲ ಮಾತು.

ಏರಿಕೆಗೆ ಗಟ್ಟಿ ಪುರಾವೆ ಇರುವುದು ಗ್ಯಾಸ್ಟ್ರೋಸ್ಕೈಸಿಸ್‌ಗೆ. ಅಮೆರಿಕದ 14 ರಾಜ್ಯಗಳಲ್ಲಿ 1995–2005ರ ಅವಧಿಯಲ್ಲಿ ಹತ್ತು ಸಾವಿರ ಜನನಕ್ಕೆ 3.6 ಇದ್ದದ್ದು 2006–2012ರ ಅವಧಿಯಲ್ಲಿ 4.9 ಆಯಿತು. ಯುರೋಪಿನ ನೋಂದಣಿಗಳ ಪ್ರಕಾರ 25ರಿಂದ 29ರ ತಾಯಂದಿರಿಗಿಂತ ಇಪ್ಪತ್ತು ತುಂಬದವರಲ್ಲಿ ಅಪಾಯ ಸುಮಾರು ಏಳು ಪಟ್ಟು. ಹಾಗೆಂದು ಏರಿಕೆಗೆ ಹದಿಹರೆಯದ ಬಸಿರೇ ಕಾರಣ ಎನ್ನಲಾಗದು; ಅದೇ ಅವಧಿಯಲ್ಲಿ ಅಮೆರಿಕದಲ್ಲಿ ಹದಿಹರೆಯದ ಹೆರಿಗೆಗಳು ಇಳಿದಿವೆ. ಧೂಮಪಾನ, ತಾಯಿಯ ಕಡಿಮೆ ತೂಕ, ಬಸಿರಿನ ಮೊದಲ ತಿಂಗಳುಗಳ ಮೂತ್ರನಾಳದ ಸೋಂಕು ಇವಕ್ಕೂ ನಂಟು ಕಂಡಿದೆ. ವಯಸ್ಸಿನಷ್ಟು ಬಲವಾದ ನಂಟು ಇವು ಯಾವುದಕ್ಕೂ ಇಲ್ಲ.

ಈಗ ಬೀದರ್ ಜಿಲ್ಲೆಗೆ ಬರೋಣ. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 17 ಲಕ್ಷ. ಸಾವಿರಕ್ಕೆ 18 ಜನನ ಎಂದು ಹಿಡಿದರೆ ವರ್ಷಕ್ಕೆ ಮೂವತ್ತು ಸಾವಿರ ಕೂಸುಗಳು. ಅಮೆರಿಕದ ದರದ ಆಸುಪಾಸಿನಲ್ಲಿ, ಹತ್ತು ಸಾವಿರಕ್ಕೆ ನಾಲ್ಕು ಎಂದು ಲೆಕ್ಕ ಹಾಕಿದರೂ ಇಡೀ ಜಿಲ್ಲೆಗೆ ಹನ್ನೆರಡು. ಭಾಲ್ಕಿ ತಾಲ್ಲೂಕಿಗೆ ಎರಡು, ಔರಾದ್ ತಾಲ್ಲೂಕಿಗೆ ಎರಡು. ಇಷ್ಟು ಚಿಕ್ಕ ಸಂಖ್ಯೆ ಒಂದು ವರ್ಷ ಎಂಟಾಗಿ ಮರುವರ್ಷ ಹದಿನಾರಾದರೂ ಅದು ಬರೀ ಆಕಸ್ಮಿಕವಿರಬಹುದು. ಮೇಲಾಗಿ ಔರಾದ್ ಈಗ ಆಗಿನ ಔರಾದ್ ಅಲ್ಲ, ಅದರಿಂದ ಒಡೆದು ಕಮಲನಗರ ಬೇರೆ ತಾಲ್ಲೂಕಾಗಿದೆ. ಜನನ ನೋಂದಣಿ 1969ರ ಕಾಯ್ದೆಯಂತೆ ಹೆರಿಗೆಯಾದ ಊರಲ್ಲಿ ನಡೆಯುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ರೂಢಿಯ ಈ ಗಡಿಯಲ್ಲಿ ತವರು ಉದಗೀರ್, ದೇಗಲೂರು, ಜಹೀರಾಬಾದ್ ಕಡೆಗಿದ್ದರೆ ಆ ಕೂಸು ಮಹಾರಾಷ್ಟ್ರದ ಇಲ್ಲವೇ ತೆಲಂಗಾಣದ ಲೆಕ್ಕಕ್ಕೆ ಸೇರುತ್ತದೆ. ಎಳೆಯ ತಾಯಂದಿರಲ್ಲಿ ಚೊಚ್ಚಲಿನವರೇ ಹೆಚ್ಚು ಎಂಬುದನ್ನೂ ಮರೆಯಬಾರದು.

ನನಗೆ ಇದಕ್ಕಿಂತ ದೊಡ್ಡ ತೊಡಕಾಗಿ ಕಾಣುವುದು ವಯಸ್ಸಿನ ಕಾಲಂ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 20ರಿಂದ 24ರ ಹೆಣ್ಣುಮಕ್ಕಳಲ್ಲಿ ಶೇ. 21.3 ಮಂದಿಗೆ ಹದಿನೆಂಟರೊಳಗೇ ಮದುವೆಯಾಗಿತ್ತು. ಹದಿನೆಂಟು ತುಂಬದ ಗರ್ಭಿಣಿ ಆಸ್ಪತ್ರೆಗೆ ಬಂದರೆ 2012ರ ಪೋಕ್ಸೊ ಕಾಯ್ದೆಯಡಿ ಪೊಲೀಸರಿಗೆ ತಿಳಿಸಲೇಬೇಕು. ಕೇಸಿನ ಹೆದರಿಕೆ ಇರುವ ಮನೆಯವರು '19' ಎಂದು ಬರೆಸಿದರೆ ಆಶ್ಚರ್ಯವೇನು? ಅತಿ ಮುಖ್ಯ ಅಪಾಯಾಂಶವನ್ನು ಅಳೆಯುವ ಕಾಲಮ್ಮೇ ಹೀಗೆ ಎಲ್ಲಕ್ಕಿಂತ ದುರ್ಬಲವಾಗುತ್ತದೆ.

ಕಾರಣಗಳ ಬಗೆಗಿನ ಉಳಿದ ಶಂಕೆಗಳನ್ನು ಬೇಗ ಮುಗಿಸಬಹುದು. ಸೋದರಿಕೆಯ ಮದುವೆ ಇಲ್ಲಿ ಸಾಮಾನ್ಯ, ಆದರೆ ಅದು ಹೆಚ್ಚಿಸುವುದು ಮುಖ್ಯವಾಗಿ ಅಪ್ರಬಲ ಜೀನಿನ ರೋಗಗಳನ್ನು. ಗ್ಯಾಸ್ಟ್ರೋಸ್ಕೈಸಿಸ್ ಬಹುಪಾಲು ಮನೆತನದಲ್ಲಿ ಹಿಂದೆಂದೂ ಇಲ್ಲದೆ ಬರುವಂಥದ್ದು. ಧೂಮಪಾನದ ಅಧ್ಯಯನಗಳು ಅಳೆದದ್ದು ಸಿಗರೇಟನ್ನು. ಮಿಶ್ರಿ ತಿಕ್ಕುವ, ತಂಬಾಕು ಜಗಿಯುವ ಹೆಂಗಸರಿಗೆ ಆ ಅಂಕಿಯನ್ನು ಹಾಗೆಯೇ ಹಚ್ಚಲಾಗದು. ಕಳೆನಾಶಕ ಅಟ್ರಜಿನ್ ಬಗ್ಗೆ 2010ರಲ್ಲಿ ವಾಷಿಂಗ್ಟನ್ ರಾಜ್ಯದಿಂದ ಬಂದ ಅಧ್ಯಯನ ನೀರಿನಲ್ಲಿ ಅದರ ಪ್ರಮಾಣ ಹೆಚ್ಚಿದ್ದ ಜಾಗಗಳಿಂದ ತಾಯಿಯ ಮನೆ ಎಷ್ಟು ದೂರ ಎಂದು ನೋಡಿತೇ ಹೊರತು ತಾಯಿಯ ರಕ್ತವನ್ನಲ್ಲ. ಭಾಲ್ಕಿಯ ಕಬ್ಬಿನ ಗದ್ದೆಗಳನ್ನು ತೋರಿಸಿ ತೀರ್ಪು ಕೊಡಲು ಅದು ಸಾಲದು. ಗ್ರಹಣದಲ್ಲಿ ಈಳಿಗೆ ಹಿಡಿದಳೆಂದು ಬಾಣಂತಿಯನ್ನು ದೂರುವುದಂತೂ ಬರೀ ಕ್ರೌರ್ಯ.

2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿ, ಸೊಟ್ಟಪಾದ, ಹೃದಯದೋಷ ಸೇರಿ ಒಂಬತ್ತು ಹೆಸರುಗಳಿವೆ, ಹೊಟ್ಟೆಗೋಡೆಯ ದೋಷವಿಲ್ಲ. ಇದು ಸರಿಯಲ್ಲ. 2021ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಬಹುರಾಷ್ಟ್ರೀಯ ಅಧ್ಯಯನದಲ್ಲಿ ಗ್ಯಾಸ್ಟ್ರೋಸ್ಕೈಸಿಸ್‌ನಿಂದ ಸತ್ತವರು ಶ್ರೀಮಂತ ದೇಶಗಳಲ್ಲಿ ಶೇ. 1.4, ಮಧ್ಯಮ ಆದಾಯದ ದೇಶಗಳಲ್ಲಿ ಶೇ. 31.9. ಸ್ಕ್ಯಾನಿಂಗಿನಲ್ಲಿ ಮೊದಲೇ ಗೊತ್ತಾಗಿ ಮಕ್ಕಳ ಶಸ್ತ್ರಚಿಕಿತ್ಸೆ ಇರುವ ಕಡೆ ಹೆರಿಗೆಯಾದರೆ, ಇಲ್ಲವೇ ಕರುಳಿಗೆ ಶುಚಿಯಾದ ಪ್ಲಾಸ್ಟಿಕ್ ಹೊದಿಸಿ, ಮೈ ಬೆಚ್ಚಗಿಟ್ಟು, ಡ್ರಿಪ್ ಹಚ್ಚಿ ಬೇಗ ಸಾಗಿಸಿದರೆ ಉಳಿಯಬಲ್ಲ ಕೂಸುಗಳಿವು.

ಬೀದರ್, ಭಾಲ್ಕಿ, ಔರಾದ್‌ಗಳ ಹೆರಿಗೆ ಕೋಣೆಯ ಸಿಬ್ಬಂದಿಯಲ್ಲಿ ಒಂದು ಕೋರಿಕೆ. ಇಂಥ ಕೂಸು ಜೀವಂತ ಹುಟ್ಟಲಿ, ಸತ್ತೇ ಹುಟ್ಟಲಿ, 79.2 ಅಥವಾ 79.3 ಯಾವುದೆಂದು ಬರೆಯಿರಿ. ತಾಯಿಯ ಗಂಡನ ಮನೆಯ ತಾಲ್ಲೂಕನ್ನೂ ಬರೆಯಿರಿ. ವಯಸ್ಸನ್ನು ಬಾಯಿಮಾತಿನಲ್ಲಿ ಕೇಳದೆ ಶಾಲೆಯ ದಾಖಲೆ ನೋಡಿ ಹುಟ್ಟಿದ ದಿನಾಂಕವನ್ನೇ ನಮೂದಿಸಿ.