ಕಾಯಿ ಒಡೆಯುವ ರೂಢಿ: ಬೊಸ್ಸೂ ಚಿಂಪಾಂಜಿಗಳು ಮತ್ತು ಸಂರಕ್ಷಣೆಯ ಲೆಕ್ಕ

ಕ್ಯೋಟೊ ವಿಶ್ವವಿದ್ಯಾಲಯದ ಯುವ ವಿಜ್ಞಾನಿ ಯುಕಿಮಾರು ಸುಗಿಯಾಮ 1961ರಿಂದ 1963ರವರೆಗೆ ನಡೆದ ಭಾರತ–ಜಪಾನ್ ಜಂಟಿ ಅಧ್ಯಯನಕ್ಕಾಗಿ ಧಾರವಾಡದ ಆಸುಪಾಸಿನಲ್ಲಿ ಮುಸಿಯಗಳ ಬೆನ್ನು ಹತ್ತಿದ್ದರು. 1962ರಲ್ಲಿ ಹೊರಗಿನ ಗಂಡುಗಳ ತಂಡವೊಂದು ಅವರು ನೋಡುತ್ತಿದ್ದ ಗುಂಪಿನ ಮೇಲೆ ಬಿದ್ದು, ಅದರ ಯಜಮಾನನನ್ನು ಓಡಿಸಿತು. ಕೊನೆಗೆ ಗುಂಪನ್ನು ವಶಮಾಡಿಕೊಂಡ ಹೊಸ ಗಂಡು ಎಳೆಯ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. 1965ರಲ್ಲಿ ಪ್ರಕಟವಾದ ಈ ವರದಿಯಿಂದ ಪ್ರಾಣಿಲೋಕದ ಶಿಶುಹತ್ಯೆಯ ಬಗೆಗಿನ ದೊಡ್ಡ ಚರ್ಚೆಗೆ ಧಾರವಾಡದ ಹೆಸರು ಅಂಟಿಕೊಂಡಿತು. ಅದೇ ಸುಗಿಯಾಮ 1976ರಲ್ಲಿ ಪಶ್ಚಿಮ ಆಫ್ರಿಕಾದ ಗಿನಿ ದೇಶದ ಬೊಸ್ಸೂ ಎಂಬ ಹಳ್ಳಿಗೆ ಹೋಗಿ, ಅಲ್ಲಿನ ಚಿಂಪಾಂಜಿಗಳನ್ನು ನೋಡಲು ಕುಳಿತರು. ಒಂದೊಂದು ಪ್ರಾಣಿಯನ್ನೂ ಮುಖದಿಂದ ಗುರುತಿಸಿ, ಹೆಸರಿಟ್ಟು, ವರ್ಷಗಟ್ಟಲೆ ಬಿಡದೆ ನೋಡುವ ಕ್ಯೋಟೊ ಪದ್ಧತಿಯ ಕಣ್ಣು ಎರಡೂ ಕಡೆ ಒಂದೇ. ಆ ಕಣ್ಣಿಗೆ ಬೊಸ್ಸೂವಿನಲ್ಲಿ ಕಂಡದ್ದು ಈ ಲೇಖನದ ವಸ್ತು. ಕಲ್ಲಿನ ಮೇಲೆ ಕಾಯಿ ಇಟ್ಟು ಇನ್ನೊಂದು ಕಲ್ಲಿನಿಂದ ಒಡೆಯುವ ಒಂದು ಕೆಲಸ ಅದು. ಅಲ್ಲಿ ಅದು ಈಗ ಬೆರಳೆಣಿಕೆಯ ಕೈಗಳಲ್ಲಿ ಉಳಿದಿದೆ. ನಮ್ಮ ಸಂರಕ್ಷಣೆಯ ಲೆಕ್ಕಕ್ಕೆ ಆ ಕೈಗಳು ಕಾಣುವುದಿಲ್ಲ ಎಂಬುದು ನನ್ನ ವಾದ.

ಮೊದಲು ಪದದ ಮಾತು. ಇಂಗ್ಲಿಷಿನ ‘ಕಲ್ಚರ್’ಗೆ ನಾವು ‘ಸಂಸ್ಕೃತಿ’ ಎನ್ನುತ್ತೇವೆ. ಆ ಪದದೊಳಗೆ ಸಂಸ್ಕಾರವಿದೆ, ತಿದ್ದಿ ತೀಡಿದ್ದು ಎಂಬ ಅರ್ಥವಿದೆ. ಪ್ರಾಣಿಗೆ ಅದನ್ನು ಅನ್ವಯಿಸಿದರೆ ಕೇಳುವವರಿಗೆ ಒಗ್ಗುವುದಿಲ್ಲ. ಈ ಇರುಸುಮುರುಸು ನಮಗಷ್ಟೇ ಇರಲಿಲ್ಲ. ಜಪಾನಿನ ಕೊಶಿಮಾ ದ್ವೀಪದಲ್ಲಿ 1953ರಲ್ಲಿ ಇಮೊ ಎಂಬ ಎಳೆಯ ಹೆಣ್ಣು ಕೋತಿ ಗೆಣಸನ್ನು ನೀರಿನಲ್ಲಿ ತೊಳೆದು ತಿನ್ನತೊಡಗಿತು. ಅದರ ಓರಗೆಯವು ಕಲಿತವು, ತಾಯಿ ಕಲಿಯಿತು, ಬರಬರುತ್ತ ಗುಂಪಿನ ಬಹುಪಾಲು ಕಲಿಯಿತು. ಇದನ್ನು ವಿವರವಾಗಿ ಬರೆದ ಮಸಾವೊ ಕವಾಯ್ 1965ರ ತಮ್ಮ ಲೇಖನದಲ್ಲಿ ‘ಸಂಸ್ಕೃತಿಪೂರ್ವ’ ನಡವಳಿಕೆ ಎಂಬ ಎಚ್ಚರಿಕೆಯ ಮಾತನ್ನೇ ಬಳಸಿದರು. ಕನ್ನಡದಲ್ಲಿ ಇದಕ್ಕಿಂತ ಒಳ್ಳೆಯ ಪದ ನಮ್ಮ ಕೈಯಲ್ಲೇ ಇದೆ: ರೂಢಿ. ರೂಢಿಗೆ ಮೇಲು ಕೀಳಿಲ್ಲ. ಒಬ್ಬರಿಂದ ಒಬ್ಬರಿಗೆ ನೋಡಿ ಬಂದದ್ದು, ಈ ಊರಿನಲ್ಲಿ ಇದ್ದು ಪಕ್ಕದ ಊರಿನಲ್ಲಿ ಇಲ್ಲದಿರುವುದು, ಬಿಟ್ಟರೆ ಬಿಟ್ಟುಹೋಗುವುದು – ಇಷ್ಟೂ ಆ ಪದದಲ್ಲಿದೆ. 1999ರಲ್ಲಿ ಆಂಡ್ರ್ಯೂ ವೈಟನ್ ಮತ್ತು ಸಂಗಡಿಗರು ಆಫ್ರಿಕಾದ ದೀರ್ಘಕಾಲೀನ ಚಿಂಪಾಂಜಿ ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿ, ಒಂದು ಕಡೆ ವಾಡಿಕೆಯಾಗಿದ್ದು ಇನ್ನೊಂದು ಕಡೆ ಇಲ್ಲದ 39 ನಡವಳಿಕೆಗಳನ್ನು ಪಟ್ಟಿಮಾಡಿದಾಗ ಅವರು ಹುಡುಕುತ್ತಿದ್ದುದು ಇದನ್ನೇ. ಈ ಲೇಖನದಲ್ಲಿ ನಾನು ರೂಢಿ ಎಂದೇ ಬರೆಯುತ್ತೇನೆ.

ಬೊಸ್ಸೂ ದಟ್ಟ ಕಾಡಿನ ನಡುವೆ ಇಲ್ಲ. ಹಳ್ಳಿ, ಅದರ ಬೆನ್ನಿಗೆ ಗ್ಬಾನ್ ಮೊದಲಾದ ಸಣ್ಣ ಗುಡ್ಡಗಳು, ಸುತ್ತ ಹೊಲಗದ್ದೆ, ಪಾಳುಬಿದ್ದ ಹೊಲಗಳಲ್ಲಿ ಎದ್ದ ಕುರುಚಲು. ಆಗ್ನೇಯಕ್ಕೆ ಕೆಲವೇ ಕಿಲೋಮೀಟರ್ ಹುಲ್ಲುಗಾವಲು ದಾಟಿದರೆ ನಿಂಬಾ ಪರ್ವತ. ಇಲ್ಲಿನ ಮನೊನ್ ಜನರಲ್ಲಿ ಕೆಲವು ಮನೆತನಗಳಿಗೆ ಚಿಂಪಾಂಜಿ ಕುಲಚಿಹ್ನೆ. ಗುಡ್ಡದ ಚಿಂಪಾಂಜಿಗಳಲ್ಲಿ ತಮ್ಮ ಹಿರೀಕರು ಇದ್ದಾರೆಂಬ ನಂಬಿಕೆ. ನಮ್ಮ ಬೆಡಗು, ಬಳಿಗಳ ಆಚರಣೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ನಂಬಿಕೆಯಿಂದಾಗಿ ಅಲ್ಲಿ ಚಿಂಪಾಂಜಿಯ ಬೇಟೆ ನಡೆಯಲಿಲ್ಲ. ಯಾವ ಸರ್ಕಾರಿ ಬೇಲಿಗೂ ಮೊದಲು ಇಪ್ಪತ್ತರ ಆಸುಪಾಸಿನ ಒಂದು ಗುಂಪು ಅಲ್ಲಿ ಬದುಕಿ ಉಳಿದದ್ದು ಊರಿನವರ ಈ ರೂಢಿಯಿಂದ.

1986ರಿಂದ ಬೊಸ್ಸೂವಿಗೆ ಹೋಗತೊಡಗಿದ ತೆತ್ಸುರೊ ಮತ್ಸುಝಾವ 1988ರಲ್ಲಿ ಗ್ಬಾನ್ ಗುಡ್ಡದ ಒಂದು ಬಯಲಿನಲ್ಲಿ ಕಲ್ಲುಗಳನ್ನೂ ಎಣ್ಣೆತಾಳೆಯ ಕಾಯಿಗಳನ್ನೂ ಇಟ್ಟು, ಹುಲ್ಲಿನ ಮರೆಯ ಹಿಂದೆ ಕುಳಿತು ಚಿತ್ರೀಕರಿಸುವ ಏರ್ಪಾಡು ಮಾಡಿದರು. ಚಿಂಪಾಂಜಿಗಳು ತಾವಾಗಿ ಬರುತ್ತವೆ, ಒಡೆಯುತ್ತವೆ, ತಿಂದು ಹೋಗುತ್ತವೆ. ಕೆಲಸವನ್ನು ಹತ್ತಿರದಿಂದ ನೋಡೋಣ. ತಾಯಿ ಕುಕ್ಕರಗಾಲಿನಲ್ಲಿ ಕೂರುತ್ತದೆ. ಚಪ್ಪಟೆ ಕಲ್ಲೊಂದನ್ನು ಎದುರಿಗೆ ಎಳೆದುಕೊಳ್ಳುತ್ತದೆ. ಒಂದು ಕೈ ಕಾಯನ್ನು ಅದರ ಮೇಲೆ ನಿಲ್ಲಿಸುತ್ತದೆ, ಇನ್ನೊಂದು ಕೈ ಬಡಿಗಲ್ಲನ್ನು ಎತ್ತಿ ಇಳಿಸುತ್ತದೆ. ಬಡಿಯುವ ಕೈ ಜನ್ಮಕ್ಕೆ ಒಂದೇ: ಎಡಚ ಚಿಂಪಾಂಜಿ ಎಡಗೈಯಲ್ಲೇ, ಬಲಗೈಯದು ಬಲಗೈಯಲ್ಲೇ. ಪೆಟ್ಟು ಜೋರಾದರೆ ತಿರುಳು ಜಜ್ಜಿಹೋಗುತ್ತದೆ, ಮೆಲ್ಲಗಾದರೆ ಚಿಪ್ಪು ಬಿರಿಯುವುದಿಲ್ಲ. ಅಡಿಗಲ್ಲು ವಾಲುತ್ತಿದ್ದರೆ ಅದರ ಕೆಳಗೆ ಮೂರನೆಯ ಕಲ್ಲೊಂದನ್ನು ಆಸರೆ ಕೊಟ್ಟು ಸಮಮಾಡಿಕೊಂಡ ನಿದರ್ಶನಗಳೂ ದಾಖಲಾಗಿವೆ. ಮಗ್ಗುಲಲ್ಲಿ ಮರಿ. ಅದರ ಮುಖ ತಾಯಿಯ ಕೈಯಿಂದ ಒಂದು ಗೇಣು ದೂರದಲ್ಲಿರುತ್ತದೆ. ಒಡೆದ ಕೂಡಲೇ ಕೈಹಾಕಿ ತಿರುಳನ್ನು ಎತ್ತಿಕೊಳ್ಳುತ್ತದೆ, ತಾಯಿ ಗದರುವುದಿಲ್ಲ. ಹಾಗೆಂದು ಮರಿಯ ಕೈಹಿಡಿದು ಕಲಿಸುವುದೂ ಇಲ್ಲ.

ಈ ಕಲಿಕೆ ನಿಧಾನ. ವರ್ಷದ ಮರಿ ಬರಿ ಕಾಯನ್ನೋ ಬರಿ ಕಲ್ಲನ್ನೋ ಹಿಡಿದು ಆಡುತ್ತದೆ. ಎರಡರ ವಯಸ್ಸಿಗೆ ಎರಡನ್ನು ಜೋಡಿಸುತ್ತದೆ: ಕಲ್ಲಿನ ಮೇಲೆ ಕಾಯಿ ಇಡುತ್ತದೆ, ಆದರೆ ಅಂಗೈಯಲ್ಲಿ ಬಡಿಯುತ್ತದೆ. ಅಡಿಗಲ್ಲು, ಕಾಯಿ, ಬಡಿಗಲ್ಲು ಮೂರೂ ಒಂದು ಸರದಿಗೆ ಬರುವುದು ಮೂರೂವರೆಯಿಂದ ಐದು ವರ್ಷದೊಳಗೆ. ಅಲ್ಲಿಯವರೆಗೆ ಸಾವಿರಾರು ಸಲ ಸೋಲು, ಒಂದು ತುಣುಕೂ ಪ್ರತಿಫಲವಿಲ್ಲ. ಆದರೂ ಮರಿ ಬಿಡುವುದಿಲ್ಲ. ಏಳರ ಸುಮಾರಿಗೂ ಕೈಗೂಡದಿದ್ದರೆ ಮುಂದೆ ಕೂಡುವುದಿಲ್ಲ. ಬೊಸ್ಸೂವಿನಲ್ಲೇ ಜೀವಮಾನವಿಡೀ ಕಾಯಿ ಒಡೆಯಲಾರದೆ, ಬೇರೆಯವರು ಒಡೆದದ್ದನ್ನು ಹೆಕ್ಕಿ ತಿಂದ ವಯಸ್ಕ ಹೆಣ್ಣುಗಳಿದ್ದವು. ಮತ್ಸುಝಾವ ಇದನ್ನು ಗುರುವಿನ ಬಳಿ ಇದ್ದು ಕೆಲಸ ಕಲಿಯುವ ಪದ್ಧತಿಗೆ ಹೋಲಿಸಿದರು. ಕಮ್ಮಾರಸಾಲೆಯ ಅಂಚಿನಲ್ಲಿ ಕುಳಿತು ತಿದಿ ಒತ್ತುತ್ತಾ ಕೆಲಸ ಕಲಿತವರ ನಾಡಿನವರಾದ ನಮಗೆ ಈ ಹೋಲಿಕೆ ಸಲೀಸಾಗಿ ಹಿಡಿಯುತ್ತದೆ.

ರೂಢಿ ಹೊರಗಿನಿಂದ ಬರುವುದೂ ಉಂಟು. 1993ರಲ್ಲಿ ಬೊಸ್ಸೂವಿನಲ್ಲಿ ಬೆಳೆಯದ ಕೂಲಾ ಕಾಯಿಗಳನ್ನು ಆ ಬಯಲಿನಲ್ಲಿ ಇಟ್ಟರು. ಹೆಚ್ಚಿನವು ಮೂಸಿ ನೋಡಿದವು, ಕಚ್ಚಿ ನೋಡಿದವು. ಯೋ ಎಂಬ ವಯಸ್ಕ ಹೆಣ್ಣು ಮಾತ್ರ ಒಂದಿಷ್ಟೂ ಅನುಮಾನಿಸದೆ ಕಲ್ಲಿನ ಮೇಲಿಟ್ಟು ಒಡೆದು ತಿಂದಿತು. ಎಳೆಯವು ಸುತ್ತ ಕವಿದು ನೋಡಿದವು. ಮುಂದೆ ಅವುಗಳಲ್ಲಿ ಕೆಲವು ಕಲಿತವು. ಕೂಲಾ ಒಡೆಯುವ ರೂಢಿ ಇರುವ ನಿಂಬಾ ಕಡೆಯ ಯಾವುದೋ ಗುಂಪಿನಲ್ಲಿ ಯೋ ಹುಟ್ಟಿ ಬೆಳೆದು, ಪ್ರಾಯಕ್ಕೆ ಬಂದಾಗ ಬೊಸ್ಸೂವಿಗೆ ಬಂದಿರಬೇಕು ಎಂದು ಸಂಶೋಧಕರು ಊಹಿಸಿದರು. ಚಿಂಪಾಂಜಿಗಳಲ್ಲಿ ಗಂಡು ಹುಟ್ಟಿದಲ್ಲೇ ಉಳಿಯುತ್ತದೆ, ಹೆಣ್ಣು ಬೇರೆ ಗುಂಪಿಗೆ ಹೋಗುತ್ತದೆ. ತವರಿನ ಅಡುಗೆ ಗಂಡನ ಮನೆಗೆ ಬರುವ ಹಾಗೆ ರೂಢಿಯೂ ಹೆಣ್ಣಿನ ಜೊತೆ ದಾರಿ ನಡೆಯುತ್ತದೆ.

ಇಲ್ಲಿ ಒಂದು ಗಂಭೀರ ಆಕ್ಷೇಪವಿದೆ. ಈ ಜಾಣ್ಮೆ ಪ್ರತಿ ಚಿಂಪಾಂಜಿಯ ಬುದ್ಧಿಯ ಅಳವಿನಲ್ಲೇ ಇದೆ, ಕಲ್ಲೂ ಕಾಯೂ ಸಿಕ್ಕರೆ ಅದು ತಾನಾಗಿಯೇ ಕಂಡುಕೊಳ್ಳುತ್ತದೆ, ನೋಡಿ ಕಲಿಯುವುದು ಅದನ್ನು ಚುರುಕುಗೊಳಿಸುತ್ತದೆ ಅಷ್ಟೆ ಎಂದು ಕ್ಲಾಡಿಯೊ ಟೆನ್ನಿ ಮೊದಲಾದವರು ವಾದಿಸುತ್ತಾರೆ. ಹಾಗಿದ್ದರೆ ರೂಢಿ ಅಳಿಯಿತೆಂದು ಅಳುಕಬೇಕಿಲ್ಲ. ಪ್ರಾಣಿ ಉಳಿದರೆ ಅದು ಮತ್ತೆ ಹುಟ್ಟುತ್ತದೆ. ಈ ವಾದವನ್ನು ಕಾಡಿನಲ್ಲೇ ಪರೀಕ್ಷಿಸಿ ನೋಡಿದ್ದಾರೆ. ಬೊಸ್ಸೂವಿನಿಂದ ಸುಮಾರು 6 ಕಿಲೋಮೀಟರ್ ದೂರದ ನಿಂಬಾ ಪರ್ವತದ ಸೆರಿಂಗ್‌ಬಾರಾ ಚಿಂಪಾಂಜಿಗಳಲ್ಲಿ ಕಾಯಿ ಒಡೆಯುವ ರೂಢಿ ಇಲ್ಲ. ಸಂಶೋಧಕಿ ಕೂಪ್ಸ್ ಮತ್ತು ಸಂಗಡಿಗರು ಅವು ಓಡಾಡುವ ಜಾಗದಲ್ಲಿ ಎಣ್ಣೆತಾಳೆಯ ಕಾಯಿ, ಕಲ್ಲು ಎರಡನ್ನೂ ಇಟ್ಟರು. ಆಮೇಲೆ ಹಣ್ಣನ್ನೂ ಸೇರಿಸಿದರು, ಒಡೆದ ಕಾಯನ್ನೂ ಇಟ್ಟರು, ಕೊನೆಗೆ ಕೂಲಾ ಕಾಯನ್ನೂ ಇಟ್ಟರು. 2022ರಲ್ಲಿ ಪ್ರಕಟವಾದ ಫಲಿತಾಂಶ ಇದು: ಚಿಂಪಾಂಜಿಗಳು ಬಂದವು, ನೋಡಿದವು, ಮುಟ್ಟಿದವು, ಒಂದೂ ಒಡೆಯಲಿಲ್ಲ. ಒಂದು ಪ್ರಯೋಗದಿಂದ ಇಡೀ ವಾದ ತೀರ್ಮಾನವಾಗದು, ನಿಜ. ಆದರೆ ಒಂದೇ ಪರ್ವತದ ನೆರೆಯಲ್ಲಿ, ಕಲ್ಲು ಕಾಯಿ ಎರಡೂ ಕೈಗೆಟುಕುವಂತಿದ್ದೂ ಕೆಲಸ ಹುಟ್ಟಲಿಲ್ಲವೆಂಬುದು ನನ್ನ ಮಟ್ಟಿಗೆ ಈ ವಿಷಯದಲ್ಲಿ ದೊರೆತ ಅತಿ ತೂಕದ ಸಾಕ್ಷ್ಯ. ತೋರಿಸುವವರಿಲ್ಲದೆ ಈ ರೂಢಿ ಸುಲಭವಾಗಿ ಮರಳಿ ಬರುವಂಥದ್ದಲ್ಲ.

ಐವರಿ ಕೋಸ್ಟಿನ ತಾಇ ಕಾಡಿನ ಪುರಾವೆ ಇದಕ್ಕೆ ಆಳ ಕೊಡುತ್ತದೆ. ಅಲ್ಲಿ ಕ್ರಿಸ್ತೋಫ್ ಬೋಶ್ 1979ರಿಂದ ಅಧ್ಯಯನ ನಡೆಸಿದರು. ನೆಲ ಅಗೆದಾಗ ಸಿಕ್ಕ, ಚಿಂಪಾಂಜಿಗಳು ಕಾಯಿ ಒಡೆಯಲು ಬಳಸಿದ್ದವೆಂದು ಗುರುತಿಸಲಾದ ಕಲ್ಲುಗಳಿಗೆ 4,300 ವರ್ಷ ವಯಸ್ಸು ಎಂದು 2007ರಲ್ಲಿ ವರದಿಯಾಯಿತು. ಅದೇ ಕಾಡಿನ ಅಕ್ಕಪಕ್ಕದ ಮೂರು ಗುಂಪುಗಳಲ್ಲಿ, ಕಾಯಿ ಒಣಗಿ ಒಡೆಯಲು ಸುಲಭವಾಗುತ್ತಾ ಬಂದಂತೆ ಎರಡು ಗುಂಪುಗಳು ಮರದ ಕೊರಡಿಗೆ ಹೊರಳಿದರೆ, ಮೂರನೆಯದು ಋತು ಮುಗಿಯುವವರೆಗೂ ಕಲ್ಲನ್ನೇ ಹಿಡಿಯುತ್ತದೆ ಎಂದು 2012ರಲ್ಲಿ ಲಿಡಿಯಾ ಲುನ್ಜ್ ಮತ್ತು ಸಂಗಡಿಗರು ತೋರಿಸಿದರು.

ಈಗ ಅಳಿವಿನ ಮಾತಿಗೆ ಬರಬೇಕು. 2003ರ ಕೊನೆಯಲ್ಲಿ ಬೊಸ್ಸೂ ಗುಂಪಿಗೆ ಉಸಿರಾಟದ ಸೋಂಕು ತಗಲಿ ಐದು ಚಿಂಪಾಂಜಿಗಳು ಸತ್ತವು. ಅವುಗಳಲ್ಲಿ ಎರಡು ಮರಿಗಳು. ಜಿರೆ ಎಂಬ ತಾಯಿ ತನ್ನ ಸತ್ತ ಮರಿ ಜಿಮಾತೊವನ್ನು 68 ದಿನ ಹೊತ್ತು ತಿರುಗಿತು. ದೇಹ ಒಣಗಿ ತೊಗಲಾದ ಮೇಲೂ ನೊಣ ಅಟ್ಟುತ್ತಾ, ಮಲಗುವಾಗ ಗೂಡಿಗೆ ಒಯ್ಯುತ್ತಾ ಇತ್ತು. ಆ ಸೋಂಕಿನಿಂದ ಗುಂಪು ಚೇತರಿಸಿಕೊಳ್ಳಲಿಲ್ಲ. ಮುದಿಯವು ಒಂದೊಂದಾಗಿ ಹೋದವು, ಎಳೆಯವು ಕಣ್ಮರೆಯಾದವು, ಅಧ್ಯಯನ ನಡೆದ ಅಷ್ಟು ದಶಕಗಳಲ್ಲಿ ಹೊರಗಿನಿಂದ ಒಂದು ಹೆಣ್ಣೂ ಬಂದು ನೆಲೆಸಿದ್ದನ್ನು ಯಾರೂ ಕಾಣಲಿಲ್ಲ. ಯೋ ನಡೆದು ಬಂದಿರಬಹುದಾದ ದಾರಿ ಈಗ ಮರವಿಲ್ಲದ ಹುಲ್ಲುಗಾವಲು. ಅಲ್ಲಿ ಗಿಡ ನೆಟ್ಟು ಬೊಸ್ಸೂವನ್ನು ನಿಂಬಾಕ್ಕೆ ಸೇರಿಸುವ ಹಸಿರು ಓಣಿಯ ಕೆಲಸ 1997ರಲ್ಲಿ ಶುರುವಾಯಿತು. ಬೇಸಿಗೆಯ ಕಿಚ್ಚು ನೆಟ್ಟ ಸಸಿಗಳನ್ನು ಮತ್ತೆ ಮತ್ತೆ ಸುಟ್ಟಿದೆ. ಬೊಸ್ಸೂ ಗುಂಪಿನ ಸಂಖ್ಯೆ ಇಂದು ಒಂದಂಕಿಗೆ ಇಳಿದಿದೆ.

2019ರಲ್ಲಿ ಹ್ಯಾಲ್ಮರ್ ಕ್ಯೂಲ್ ಮತ್ತು ಸಂಗಡಿಗರು 144 ಚಿಂಪಾಂಜಿ ಸಮುದಾಯಗಳ 31 ನಡವಳಿಕೆಗಳನ್ನು ಅಳೆದು, ಮನುಷ್ಯರ ಪ್ರಭಾವ ಅತಿ ಹೆಚ್ಚಿರುವ ಕಡೆ ಈ ನಡವಳಿಕೆಗಳು ಕಾಣಸಿಗುವ ಸಾಧ್ಯತೆ, ಅತಿ ಕಡಿಮೆ ಇರುವ ಕಡೆಗಿಂತ ಸರಾಸರಿ ಶೇ. 88ರಷ್ಟು ಕಡಿಮೆ ಎಂದರು. ಸರಾಸರಿಯಾಗಿ ಇದು ನಿಜವಿರಬಹುದು. ಆದರೆ ಬೊಸ್ಸೂ ಈ ಸರಾಸರಿಗೆ ಬಗ್ಗುವುದಿಲ್ಲ. ಊರಿಗೆ ಅಂಟಿಕೊಂಡ ಜಾಗ, ಆದರೂ ರೂಢಿಗಳಲ್ಲಿ ಶ್ರೀಮಂತ. ಅವು ಒಡೆಯುವ ಎಣ್ಣೆತಾಳೆಯೇ ಮನುಷ್ಯರ ಹಳೆಯ ಹೊಲಗಳ ಜೊತೆ ಹಬ್ಬಿದ ಮರ. ಬೇಟೆಗಾರರ ಉರುಲನ್ನು ಗುರುತಿಸಿ ಕೈಯಿಂದ ಅಲುಗಿಸಿ ಕೆಡಿಸುವುದನ್ನೂ ಬೊಸ್ಸೂ ಗಂಡುಗಳು ಕಲಿತಿದ್ದವು. ಇಲ್ಲಿ ರೂಢಿ ಸವೆದು ಸವೆದು ಹೋಗುತ್ತಿಲ್ಲ; ಕಡೆಯವರೆಗೂ ಪೂರ್ತಿಯಾಗಿದ್ದು, ಹೊತ್ತವರ ಜೊತೆ ಒಮ್ಮೆಲೇ ಹೋಗುವ ಸ್ಥಿತಿಯಲ್ಲಿದೆ. ಅದಕ್ಕೇ ಮನುಷ್ಯರನ್ನು ದೂರವಿಟ್ಟರೆ ಎಲ್ಲ ಸರಿಹೋಗುತ್ತದೆಂಬ ಉಪಾಯ ಬೊಸ್ಸೂವಿಗೆ ಸಲ್ಲದು. ಊರಿನವರನ್ನು ಬಿಟ್ಟು ಅಲ್ಲಿ ಚಿಂಪಾಂಜಿ ಉಳಿಯಲಾರದು. ಆ ನಂಟೂ ಈಗ ಬಿಗುವಾಗಿದೆ: 2024ರ ಸೆಪ್ಟೆಂಬರಿನಲ್ಲಿ ಚಿಂಪಾಂಜಿಯೊಂದು ಹಸುಗೂಸನ್ನು ಕೊಂದಿತೆಂದು ನೊಂದ ಜನ ಅಲ್ಲಿನ ಸಂಶೋಧನಾ ಕೇಂದ್ರಕ್ಕೆ ನುಗ್ಗಿ ಹಾನಿಮಾಡಿದರು. ಆ ತಾಯಿಯ ಸಂಕಟವನ್ನು ಬದಿಗಿಟ್ಟು ಬರೆಯುವ ಯಾವ ಸಂರಕ್ಷಣಾ ಯೋಜನೆಯನ್ನೂ ನಾನು ಒಪ್ಪಲಾರೆ.

ಪಶ್ಚಿಮ ಆಫ್ರಿಕಾದ ಚಿಂಪಾಂಜಿಗಳ ಸಂಖ್ಯೆ 1990ರಿಂದ 2014ರೊಳಗೆ ಶೇ. 80ರಷ್ಟು ಕುಸಿದಿದೆಯೆಂದು ಅಂದಾಜು. 2016ರಿಂದ ಈ ಉಪಪ್ರಭೇದ ‘ತೀವ್ರ ಅಪಾಯದಂಚಿನ’ ಪಟ್ಟಿಯಲ್ಲಿದೆ. ಈ ಲೆಕ್ಕ ತಲೆಗಳದು. ವಲಸೆ ಪ್ರಾಣಿಗಳ ಅಂತಾರಾಷ್ಟ್ರೀಯ ಒಪ್ಪಂದದಡಿ 2020ರಲ್ಲಿ ಪಶ್ಚಿಮ ಆಫ್ರಿಕಾದ ‘ಕಾಯಿ ಒಡೆಯುವ ಚಿಂಪಾಂಜಿಗಳ’ ರಕ್ಷಣೆಗೆಂದೇ ಜಂಟಿ ಕ್ರಮವೊಂದಕ್ಕೆ ದೇಶಗಳು ಒಪ್ಪಿದಾಗ, ಒಂದು ರೂಢಿ ಸಂರಕ್ಷಣೆಯ ಕಾಗದದ ಮೇಲೆ ಬಂತು. ಅದು ಸರಿಯಾದ ಹೆಜ್ಜೆ, ಸಾಲದ ಹೆಜ್ಜೆ. ಗುಂಪಿನಲ್ಲಿ ಒಡೆಯಬಲ್ಲವು ಎಷ್ಟು, ಅವುಗಳ ಮಗ್ಗುಲಲ್ಲಿ ಏಳರೊಳಗಿನ ಮರಿಗಳು ಎಷ್ಟು, ಹೊರಗಿನ ಹೆಣ್ಣು ಬರಲು ದಾರಿ ಇದೆಯೇ – ಈ ಮೂರು ಕಾಲಮ್ಮುಗಳು ಗಣತಿಯ ನಮೂನೆಗೆ ಸೇರಬೇಕು.

ನಮ್ಮ ವಿಶ್ವವಿದ್ಯಾಲಯಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಲ್ಲಿ ಒಂದು ಬೇಡಿಕೆ. ಬಂಡೀಪುರದ ರಸ್ತೆಬದಿಯ ಬಾನೆಟ್ ಕೋತಿಗಳು ಮನುಷ್ಯರಿಂದ ತಿನಿಸು ಕೇಳಲು ಕೈಚಾಚಿ ಬೇರೆಯದೇ ದನಿ ಹೊರಡಿಸುವುದನ್ನು 2018ರಲ್ಲಿ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ದಾಖಲಿಸಿದ್ದಾರೆ. ಅಂಥ ಗುಂಪುಗಳು ಕರ್ನಾಟಕದ ಊರೂರಿನಲ್ಲಿವೆ. ಅವನ್ನು ಹಿಡಿದು ಬೇರೆಡೆಗೆ ಸಾಗಿಸುವುದೂ ನಡೆದೇ ಇದೆ. ಎಷ್ಟು ಕೋತಿಗಳೆಂದು ಎಣಿಸುವಾಗ, ಯಾವ ಗುಂಪು ಏನು ಮಾಡುತ್ತದೆ, ಯಾವುದು ಯಾವುದನ್ನು ನೋಡಿ ಕಲಿಯಿತು ಎಂಬುದನ್ನೂ ಬರೆದಿಡಿ. ಧಾರವಾಡದಲ್ಲಿ ಸುಗಿಯಾಮ ಅರವತ್ತು ವರ್ಷಗಳ ಹಿಂದೆ ಮಾಡಿದ್ದು ಇದೇ ಕೆಲಸ.