ಫೋನೂಟ, ರೇಷ್ಮೆಗೂಡು ಮತ್ತು ಒಂದು ಕೆಂಪು ಗೀಟು

ಎರಡು ವರ್ಷದ ಹಿಂದಿನ ಮಾತು. ಬೇಸಗೆ ರಜೆಗೆ ಊರಿಗೆ ಹೋಗಿದ್ದೆ. ನಮ್ಮದು ಚನ್ನಪಟ್ಟಣ ತಾಲ್ಲೂಕು, ವಿರೂಪಾಕ್ಷಿಪುರ ಹೋಬಳಿ. ಜಗಲಿ ಮೇಲೆ ಕೂತಿದ್ದಾಗ ಅಕ್ಕನ ಮಗಳು, ಆಗ ಅವಳಿಗೆ ನಾಲ್ಕು ವರ್ಷ, ಓಡಿ ಬಂದು ಕೇಳಿದಳು: "ಮಾವ, ಫೋನೂಟ ಎಲ್ಲೈತೆ?"

ನನಗೆ ಮೊದಲು ಅರ್ಥ ಆಗಲಿಲ್ಲ. ಆಮೇಲೆ ಗೊತ್ತಾಯ್ತು, ಕೇಳಿದ್ದು ಚಾರ್ಜರ್! ಫೋನಿಗೆ ಊಟ ಹಾಕೋದು, ಅದಕ್ಕೆ ಫೋನೂಟ.

ನಕ್ಕು ಸುಮ್ಮನಾಗಬಹುದಿತ್ತು. ಆದರೆ ರಾತ್ರಿ ಮಲಗಿದಾಗ ಆ ಪದ ಮತ್ತೆ ಮತ್ತೆ ನೆನಪಾಯ್ತು. ಫೋನು + ಊಟ. ಮೊದಲ ಪದದ ಕೊನೆಯ ಉಕಾರ ಬಿಟ್ಟುಹೋಗಿದೆ. ಅಂದ್ರೆ ಲೋಪಸಂಧಿ! ಊರು + ಊರು = ಊರೂರು ಅಂತ ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಹೊಡೆದದ್ದನ್ನ ಇವಳು ಅಕ್ಷರ ಕಲಿಯುವ ಮೊದಲೇ ಮಾಡಿದ್ದಾಳೆ. ಯಾವುದು ಮುಂದೆ ಬರಬೇಕು, ಯಾವುದು ಹಿಂದೆ ಅನ್ನೋದೂ ಅವಳಿಗೆ ಗೊತ್ತು. ಊಟಫೋನು ಅನ್ನಲಿಲ್ಲ ನೋಡಿ. ಸ್ಟ್ಯಾನ್‌ಫರ್ಡ್‌ನ ಭಾಷಾವಿಜ್ಞಾನಿ ಈವ್ ಕ್ಲಾರ್ಕ್ ಇಂಗ್ಲಿಷ್ ಆಡುವ ಮಕ್ಕಳ ಬಗ್ಗೆ 1980ರ ದಶಕದಲ್ಲೇ ಬರೆದಿದ್ದಾರೆ, ಎರಡು ಮೂರು ವರ್ಷಕ್ಕೇ ಮಕ್ಕಳು ಹೀಗೆ ಎರಡು ಪದ ಜೋಡಿಸಿ ಹೊಸದು ಕಟ್ಟುತ್ತಾರೆ ಅಂತ. ನಮ್ಮ ಜಗಲಿಯಲ್ಲೂ ಅದೇ ಕತೆ.

ಇದರ ಜೊತೆಗೇ ನನ್ನದೊಂದು ಹಳೇ ಗಾಯ ನೆನಪಾಯ್ತು. ಎಂಟನೇ ಕ್ಲಾಸಿನ ಕಿರುಪರೀಕ್ಷೆಯಲ್ಲಿ "ಎರಡು ಸಮಾಸಪದಗಳನ್ನು ರಚಿಸಿ" ಅಂತ ಕೇಳಿದ್ದರು. ಶಾಲೆಯ ಹೆಸರು ಬೇಡ ಬಿಡಿ. ನಾನು ಬರೆದದ್ದು: ರೇಷ್ಮೆಗೂಡು, ಮಳೆಗಾಲ. ಎರಡಕ್ಕೂ ಕೆಂಪು ಗೀಟು, ಪಕ್ಕದಲ್ಲಿ "ಅರಿಸಮಾಸ". ಮಳೆ ಕನ್ನಡ, ಕಾಲ ಸಂಸ್ಕೃತ. ರೇಷ್ಮೆ ಅದ್ಯಾವುದೋ, ಅಂತೂ ಕನ್ನಡ ಅಲ್ಲ. ಸೊನ್ನೆ. ನಮ್ಮ ಮನೆಯಲ್ಲಿ ಆಗ ನಾಲ್ಕನೇ ಜ್ವರ ಎದ್ದ ಹುಳ ಇತ್ತು. ಇಡೀ ಮನೆ ಸೊಪ್ಪು ಕೊಯ್ಯೋದ್ರಲ್ಲೇ ಮುಳುಗಿತ್ತು. ಗೂಡು ರಾಮನಗರದ ಮಾರುಕಟ್ಟೆಗೆ ಹೋದಮೇಲೇ ನನ್ನ ಫೀಸು. ಆ ಪದವೇ ತಪ್ಪು ಅಂದ್ರೆ ಹೇಗೆ ಅಂತ ಅಳು ಬಂದಿತ್ತು.

ಈ ಅರಿಸಮಾಸದ ಬೇರು ಹುಡುಕಿದರೆ ಸಾವಿರದ ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದಕ್ಕೆ ಹೋಗಬೇಕು. ಸುಮಾರು ಕ್ರಿ.ಶ. 850ರ 'ಕವಿರಾಜಮಾರ್ಗ' ಕನ್ನಡ-ಸಂಸ್ಕೃತಗಳನ್ನು ಎಗ್ಗಿಲ್ಲದೆ ಬೆಸೆಯೋದನ್ನ ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಹಾಕಿದ ಹಾಗೆ ಅನ್ನುತ್ತೆ. 1112ರಲ್ಲಿ 'ಧರ್ಮಾಮೃತ' ಬರೆದ ನಯಸೇನ ತುಪ್ಪ ಮತ್ತು ಎಣ್ಣೆಯ ಹೋಲಿಕೆ ಕೊಡ್ತಾನೆ. (ಅಡುಗೆಮನೆ ಹೋಲಿಕೆಗಳೇ ಯಾಕೋ!) ಸುಮಾರು 1260ರ 'ಶಬ್ದಮಣಿದರ್ಪಣ'ದಲ್ಲಿ ಕೇಶಿರಾಜ ಸಮಾಸಕ್ಕೆ ಒಂದು ಪ್ರಕರಣವನ್ನೇ ಕೊಟ್ಟ. ಆದರೆ ನಮಗೆ ಪಾಠದಲ್ಲಿ ಸರಿಯಾಗಿ ಹೇಳದ ವಿಷಯ ಅಂದ್ರೆ, ಆತ ಕಟ್ಟುನಿಟ್ಟಿನ ಜೊತೆ ಸಡಿಲಿಕೆಯನ್ನೂ ಕೊಟ್ಟಿದ್ದಾನೆ. ಹಿಂದಿನ ಕವಿಗಳು ಬಳಸಿದ್ದರೆ ಸರಿ, ಬಿರುದುಗಳಲ್ಲಿ ಸರಿ, ಗಮಕ ಮತ್ತು ಕ್ರಿಯಾಸಮಾಸಗಳಲ್ಲಿ ದೋಷವೇ ಇಲ್ಲ. ಅಷ್ಟಕ್ಕೂ ಆತ ಬರೆದದ್ದು ಕಾವ್ಯ ಕಟ್ಟುವವರಿಗೆ, ಎಂಟನೇ ಕ್ಲಾಸಿನ ಹುಡುಗರಿಗಲ್ಲ.

ಅರಿ ಅಂದ್ರೆ ಸಂಸ್ಕೃತದಲ್ಲಿ ಶತ್ರು. ಕನ್ನಡದಲ್ಲಿ ಅರಿ ಅಂದ್ರೆ ತಿಳಿ. ಯಾರಾದರೂ ಕನ್ನಡದ 'ಅರಿ' ಅಂತ ಓದಿಕೊಂಡರೆ ಅರಿಸಮಾಸ ಅನ್ನೋ ಪದವೇ ಅರಿಸಮಾಸ ಆಗಿಬಿಡುತ್ತೆ :)

ಕೇಶಿರಾಜನ ಕಾಲಕ್ಕೆ ನಮ್ಮೂರ ಕಡೆ ಹಿಪ್ಪುನೇರಳೆ ಬೆಳೆ ಇರಲಿಲ್ಲ. ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ತಂದದ್ದು ಟಿಪ್ಪು, ಹದಿನೆಂಟನೇ ಶತಮಾನದ ಕೊನೆಗೆ. ರೇಷ್ಮೆ ಅನ್ನೋ ಪದ ಪಾರಸಿಯ ರೇಶಮ್. ಅದಕ್ಕೆ ನಮ್ಮವರು ಹಕ್ಕಿಯ ಗೂಡನ್ನ ಸೇರಿಸಿ ರೇಷ್ಮೆಗೂಡು ಮಾಡಿಕೊಂಡರು. ಹಣ್ಣುಹುಳ, ಹುಳಮನೆ ಎಲ್ಲ ಹೀಗೇ ಹುಟ್ಟಿದ್ದು. ಯಾವ ಪಂಡಿತರನ್ನೂ ಕೇಳಿರಲಿಕ್ಕಿಲ್ಲ. ಇತ್ತ ಸರ್ಕಾರಿ ಬೋರ್ಡು ನೋಡಿ: ಜಿಲ್ಲಾಧಿಕಾರಿ. ಜಿಲ್ಲೆ ಅರಬ್ಬಿಯಿಂದ ಬಂದದ್ದು, ಅಧಿಕಾರಿ ಸಂಸ್ಕೃತ, ನಡುವೆ ಸವರ್ಣದೀರ್ಘಸಂಧಿ! ಅದಕ್ಕೆ ಯಾರೂ ಕೆಂಪು ಗೀಟು ಎಳೆಯಲ್ಲ.

ನಮ್ಮ ಸುತ್ತಲ ಹೆಸರುಗಳೇ ಒಂದು ಸಮಾಸದ ಪಾಠಪುಸ್ತಕ. ವಿರೂಪಾಕ್ಷ ಅಂದ್ರೆ ವಿರೂಪವಾದ ಕಣ್ಣುಗಳುಳ್ಳವನು ಯಾವನೋ ಅವನು, ಶಿವ. ಬಹುವ್ರೀಹಿ. ಅದನ್ನೇ ಕನ್ನಡ ಮುಕ್ಕಣ್ಣ ಅನ್ನುತ್ತೆ. ನಮ್ಮವರ ಬಾಯಲ್ಲಿ ಅದು ವಿರೂಪಾಕ್ಷಿ ಆಗಿದೆ. ಸಂಸ್ಕೃತದ ಲೆಕ್ಕದಲ್ಲಿ ಮೀನಾಕ್ಷಿ, ವಿಶಾಲಾಕ್ಷಿ ಥರ ಹೆಣ್ಣಿನ ಹೆಸರು! ಚನ್ನಪಟ್ಟಣದಿಂದ ರಾಮನಗರದ ಕಡೆ ಹೊರಟರೆ ಆಂಜನೇಯನ ಕೆಂಗಲ್ ಸಿಗುತ್ತೆ. ಕೆಂಪು ಕಲ್ಲು, ಕರ್ಮಧಾರಯ. ರಾಮನಗರಕ್ಕೆ ಹಿಂದೆ ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸ್ ನೆನಪಿಗೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಇಂಗ್ಲಿಷಿನವನ ಬಾಲಕ್ಕೆ ನಮ್ಮ ಪೇಟೆ. ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಆಯ್ತು. ಇದು ನನ್ನ ಕಿವಿಗೆ ತಿರುಗುಮುರುಗಾಗಿ ಕೇಳುತ್ತೆ. ನಮ್ಮಲ್ಲಿ ವಿಶೇಷಣ ಮೊದಲು ಬರೋದಲ್ವಾ? ಇನ್ನು ದೊಡ್ಡಮಳೂರಿನ ಅಂಬೆಗಾಲು ಕೃಷ್ಣನಂತೂ ನನ್ನ ಮೆಚ್ಚಿನವನು. ಅಂಬೆ + ಕಾಲು, ಕಕಾರ ಗಕಾರವಾಗಿದೆ. ಅದೇ ಆದೇಶಸಂಧಿ ಸಂಸ್ಕೃತದ ಕಾಲವನ್ನೂ ಬಿಡದೆ ಮಳೆಗಾಲ ಮಾಡಿದೆ. ಕನ್ನಡದ ನಿಯಮಕ್ಕೆ ಬಗ್ಗಿದ ಮೇಲೆ ಅದು ಇನ್ನೂ ಶತ್ರು ಹೇಗಾಗುತ್ತೆ?

ವ್ಯಾಕರಣ ಶಾಲೆಗೆ ಬಂದ ದಾರಿಯೂ ಸ್ವಾರಸ್ಯವಾಗಿದೆ. 1838ರಲ್ಲಿ ಕೃಷ್ಣಮಾಚಾರ್ಯರ 'ಹೊಸಗನ್ನಡ ನುಡಿಗನ್ನಡಿ' ಮದರಾಸಿನಲ್ಲಿ ಅಚ್ಚಾಯಿತು. ಕೇಶಿರಾಜನ ದರ್ಪಣ ಇಲ್ಲಿ ಕನ್ನಡಿ ಆಗಿದೆ, ಹೆಸರಿನಲ್ಲೇ ಎರಡು ಅಚ್ಚಗನ್ನಡ ಸಮಾಸ. 1872ರಲ್ಲಿ ಕಿಟೆಲ್ ಮಂಗಳೂರಿನಲ್ಲಿ ಶಬ್ದಮಣಿದರ್ಪಣ ಅಚ್ಚು ಹಾಕಿಸಿದರು. 1939ರಲ್ಲಿ ತೀ.ನಂ.ಶ್ರೀ. ಅವರ 'ಕನ್ನಡ ಮಧ್ಯಮ ವ್ಯಾಕರಣ' ಬಂತು, ತಲೆಮಾರುಗಳು ಅದನ್ನೇ ಓದಿದವು. ಅದು ಒಳ್ಳೇ ಪುಸ್ತಕ, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಗತಿಯಲ್ಲಿ ಉಳಿದದ್ದು ಬಿಡಿಸುವ ಕೆಲಸ ಮಾತ್ರ. ಹೆಮ್ಮರ ಕೊಟ್ಟರೆ "ಹಿರಿದು + ಮರ, ಕರ್ಮಧಾರಯ". ಅಂಗೈ ಕೊಟ್ಟರೆ "ಕೈಯ + ಅಡಿ, ಅಂಶಿ". ಇಂಥ ಪಟ್ಟಿಯನ್ನೇ ಪ್ರಶ್ನಿಸಿದವರು ಡಿ.ಎನ್. ಶಂಕರ ಭಟ್ಟರು. 2000ದಲ್ಲಿ ಬಂದ ಅವರ 'ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ' ಓದಿದಾಗ ನನ್ನ ಕೆಂಪು ಗೀಟು ಅರ್ಧ ಅಳಿಸಿದ ಹಾಗಾಯ್ತು. ಅವರ ಬರವಣಿಗೆಯ ಸುಧಾರಣೆಗಳೆಲ್ಲ ನನಗೆ ಒಪ್ಪಿಗೆ ಇಲ್ಲ, ಅದು ಬೇರೆ ಮಾತು.

ಆ ರಜೆಯಲ್ಲಿ ಬೀದಿಯ ಏಳೆಂಟು ಮಕ್ಕಳನ್ನ ಸೇರಿಸಿ ಒಂದು ಆಟ ಆಡಿಸಿದೆ. ಒಬ್ಬರು ಒಂದು ಪದ ಹೇಳಬೇಕು, ಪಕ್ಕದವರು ಇನ್ನೊಂದು ಸೇರಿಸಬೇಕು, ಮೂರನೆಯವರು ಅದು ಏನು ಅಂತ ಹೇಳಬೇಕು. ಬೇಲಿಹೂವಿಗೂ ಹೂಬೇಲಿಗೂ ಇರುವ ವ್ಯತ್ಯಾಸ ಯಾರೂ ಹೇಳಿಕೊಡಬೇಕಾಗಲಿಲ್ಲ. ತಟ್ಟೆ ಇಡ್ಲಿಯನ್ನ ಎಲ್ಲರೂ ತಟ್ಟಿಡ್ಲಿ ಅಂದರು. ಒಬ್ಬ ಹುಡುಗ ಮಾತ್ರ ಒಂದು ಪ್ರಶ್ನೆ ಹಾಕಿದ: "ಅಣ್ಣ, ಹಿರಿದು ಹಾವು ಸೇರಿದ್ರೆ ಹೆಬ್ಬಾವು ಯಾಕೆ? ಬಕಾರ ಎಲ್ಲಿಂದ ಬಂತು?" ಹಳೆಗನ್ನಡದಲ್ಲಿ ಹಾವು 'ಪಾವು' ಆಗಿತ್ತು, ಆ ಪಕಾರ ಬಕಾರವಾಗಿ ಇನ್ನೂ ಹೆಬ್ಬಾವಿನ ಹೊಟ್ಟೆಯಲ್ಲಿ ಕೂತಿದೆ ಅಂದೆ. "ನುಂಗಿಬಿಟ್ಟೈತೆ" ಅಂತ ಇಡೀ ಗುಂಪು ನಕ್ಕಿತು. ನಾನು ಕಾಲೇಜಿನಲ್ಲಿ ಕೇಳಿದ ಯಾವ ಭಾಷಾಚರಿತ್ರೆಯ ಪಾಠವೂ ಅಷ್ಟು ಸಲೀಸಾಗಿ ಇಳಿದಿರಲಿಲ್ಲ.

ಮೊನ್ನೆ ಮತ್ತೆ ಊರಿಗೆ ಹೋಗಿದ್ದೆ. ಅಕ್ಕ, ಭಾವ, ಕೊನೆಗೆ ನಮ್ಮವ್ವ ಕೂಡ "ಫೋನೂಟ ಕೊಡು" ಅಂತಲೇ ಕೇಳ್ತಾರೆ. ಪದ ಮನೆಯಲ್ಲಿ ಪಕ್ಕಾ ಆಗಿಬಿಟ್ಟಿದೆ. ಅದನ್ನ ಕಟ್ಟಿದವಳು ಮಾತ್ರ ಈಗ ಒಂದನೇ ಕ್ಲಾಸು. "ಅದು ಫೋನೂಟ ಅಲ್ಲ ಮಾವ, ಚಾರ್ಜರ್" ಅಂದಳು.